ಗುರುಮಲ್ಲಮ್ಮನ ಒಂದು ಒಳಲೆ ಮಳೆ

ಹಂಗಳದ ಗುರುಮಲ್ಲಮ್ಮನಿಗೆ ಬರಿದಾದ ಪಾತ್ರೆ ಕಂಡರೆ ಮೈಯೆಲ್ಲ ಉರಿ. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಮನೆಯಲ್ಲಿ ಹಂಡೆ, ಕೊಡ, ಚೊಂಬು, ಲೋಟ ಯಾವುದೂ ಒಣಗಿ ಕೂತಿರುವಂತಿಲ್ಲ. ತುಂಬ ನೀರಿಲ್ಲದಿದ್ದರೆ ತಳ ಮುಚ್ಚುವಷ್ಟಾದರೂ ಇರಬೇಕು. ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕೊಟ್ಟರೆ, ಆ ಬಟ್ಟಲು ವಾಪಸ್ ಹೋಗುವಾಗ ಚೂರು ಬೆಲ್ಲವೋ ಒಂದಿಷ್ಟು ಒಣಮೆಣಸಿನಕಾಯೋ ಅದರೊಳಗೆ ಕೂತೇ ಹೋಗಬೇಕು. ಅವಳ ಅವ್ವ ಹಾಗೆ ಮಾಡುತ್ತಿದ್ದಳು, ಅವ್ವನ ಅವ್ವನೂ ಹಾಗೇ. ಒಂದು ಸಲ ಗಂಡ ಕರಿಬಸವಯ್ಯ ಗುಂಡ್ಲುಪೇಟೆಗೆ ಹೋಗುವ ಆತುರದಲ್ಲಿ ಎದುರುಮನೆ ಚಿಕ್ಕಮಲ್ಲಮ್ಮನ ಟಿಫನ್ ಕ್ಯಾರಿಯರನ್ನು ಖಾಲಿಯಾಗಿ ಕೊಟ್ಟು ಬಸ್ ಹತ್ತಿದ್ದ. ಗುರುಮಲ್ಲಮ್ಮ ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು ಅವನನ್ನು ಇಳಿಸಿಕೊಂಡು ಬಂದು, ಅವನ ಕೈಯಲ್ಲೇ ಬೆಲ್ಲ ಕೊಡಿಸಿದಳು. ಆ ಬಸ್ಸಿನ ಕಂಡಕ್ಟರ್ ಅದನ್ನು ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕನಂತೆ.

ಇಂಥ ಹೆಂಗಸಿನ ಅಂಗಳಕ್ಕೆ ಸರ್ಕಾರದವರೋ ವಿಜ್ಞಾನದವರೋ ಬಂದು ಒಂದು ಖಾಲಿ ಡಬ್ಬ ನೆಟ್ಟು ಹೋದರೆ ಏನಾಗಬೇಕು ಹೇಳಿ!

ಚಾಮರಾಜನಗರ ಬೇರೆ ಜಿಲ್ಲೆಯಾಯಿತಲ್ಲ, ಅದೇ ವರ್ಷದ ಮಾತು. ಒಂದು ಜೀಪು ಬಂದು ಹಂಗಳದಲ್ಲಿ ನಿಂತಿತು. ಅದರಿಂದ ಪ್ಯಾಂಟು ಹಾಕಿದ, ಎರಡು ಜಡೆಯ ಹುಡುಗಿಯೊಬ್ಬಳು ಇಳಿದಳು. ಹೆಸರು ಶಿವರಂಜಿನಿ, ಬೆಂಗಳೂರಿನ ಯಾವುದೋ ಸಂಶೋಧನಾ ಸಂಸ್ಥೆಯವಳು. ಊರಿನವರನ್ನೆಲ್ಲ ಅರಳಿಕಟ್ಟೆಯ ಹತ್ತಿರ ಸೇರಿಸಿ ಅವಳು ಹೇಳಿದಳು: "ಇಡೀ ಭೂಮಿನೇ ಬಿಸಿಯಾಗ್ತಾ ಇದೆ ಅಂತಾರೆ. ಅದರಿಂದ ಈ ಕಾಡಂಚಿನ ಮಳೆಗೆ ಏನಾಗುತ್ತೆ ಅಂತ ನೋಡಬೇಕು. ಒಂದೆರಡು ವರ್ಷ ನೋಡಿದ್ರೆ ಗೊತ್ತಾಗಲ್ಲ. ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ, ಒಂದು ದಿನವೂ ಬಿಡದೆ ಅಳೀಬೇಕು. ಬಿಳಿಗಿರಿರಂಗನ ಬೆಟ್ಟದಿಂದ ಊಟಿ ಬೆಟ್ಟದವರೆಗೂ ಇಂಥ ಮಳೆಮಾಪಕ ಇಡ್ತಾ ಇದ್ದೀವಿ. ಮೊದಲನೇ ವರ್ಷ ಪರೀಕ್ಷೆ. ಆಮೇಲೆ ನಮ್ಮ ದೊಡ್ಡ ಮೇಷ್ಟ್ರು ಬಂದು ನೋಡ್ತಾರೆ. ಲೆಕ್ಕ ಸರಿ ಇದ್ದ ಕಡೆ ಖಾಯಂ. ಇಲ್ಲದ ಕಡೆ ಕಿತ್ಕೊಂಡು ಹೋಗ್ತೀವಿ."

ಬೆಳಗ್ಗೆ ಅಳೆದು ಬರೆದು ತಿಂಗಳಿಗೊಮ್ಮೆ ಅಂಚೆಗೆ ಹಾಕಲು ಓದಿದವರೊಬ್ಬರು ಬೇಕು ಎಂದು ಅವಳು ಹೇಳಿ ಮುಗಿಸುವ ಮೊದಲೇ ಗುರುಮಲ್ಲಮ್ಮನ ಕೈ ಮೇಲೆ ಹೋಗಿತ್ತು. "ನಮ್ಮನೇಲವ್ಳೆ!"

ಅವಳು ಹೇಳಿದ್ದು ಸೊಸೆ ರೂಪಶ್ರೀಯನ್ನು. ಗುಂಡ್ಲುಪೇಟೆ ಕಾಲೇಜಿನಲ್ಲಿ ಪಿಯುಸಿ ಸೈನ್ಸು ಮಾಡಿ ಪಾಸಾದ ಹುಡುಗಿ. ಮದುವೆಯಾಗಿ ಬಂದ ಮೇಲೆ ಪುಸ್ತಕ ಅಟ್ಟ ಹತ್ತಿತು, ಹುಡುಗಿಯ ಮಾತು ಕೂಡ ಅದರ ಜೊತೆಗೇ ಅಟ್ಟ ಹತ್ತಿತು. ರೊಟ್ಟಿ ತಟ್ಟು ಎಂದರೆ ತಟ್ಟುವಳು, ಈರುಳ್ಳಿ ಹೊಲಕ್ಕೆ ಬಾ ಎಂದರೆ ಬರುವಳು. ಆದರೆ ಮುಖದಲ್ಲಿ ಒಂದು ನಗು ಎಂದರೆ ಕೇಳಬೇಡಿ. ಗುರುಮಲ್ಲಮ್ಮನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ತನ್ನ ಮನೆಗೆ ಬಂದ ಕೂಸು ಹೀಗೆ ಬಾಡಿದರೆ ಆ ಪಾಪ ಯಾರಿಗೆ? ಅದಕ್ಕೇ ಡಬ್ಬದ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಹಿಂದೆ ಮುಂದೆ ನೋಡಲಿಲ್ಲ.

ಶಿವರಂಜಿನಿ ಅಂಗಳ ನೋಡಿ ತಲೆಯಾಡಿಸಿದಳು. ಅಲ್ಲೊಂದು ನುಗ್ಗೆಮರವಿತ್ತು. ಮರ ಇದ್ದರೆ ಮಳೆಗೆ ಅಡ್ಡವಾಗುತ್ತದೆ, ಅಳತೆ ಸುಳ್ಳಾಗುತ್ತದೆ ಎಂದಳು. ಚಿಕ್ಕಮಲ್ಲಮ್ಮ ಎದುರುಮನೆಯ ಬಾಗಿಲಲ್ಲಿ ನಿಂತು, "ನಮ್ಮಂಗಳ ಬಟಾಬಯಲು ಕಣವ್ವ, ಬನ್ನಿ" ಎಂದು ಕರೆದೇಬಿಟ್ಟಳು. ಗುರುಮಲ್ಲಮ್ಮ ಒಳಗೆ ಹೋದವಳು ಕೊಡಲಿ ಹಿಡಿದು ಈಚೆ ಬಂದಳು.

"ಅಯ್ಯಯ್ಯೋ, ನುಗ್ಗೆಕಾಯಿ ಸಾರು!" ಎಂದ ಕರಿಬಸವಯ್ಯ.

"ಸಾರು ತಿಂದು ಯಾರ್ ಉದ್ಧಾರ ಆದರು? ಸುಮ್ನೆ ಹಗ್ಗ ಇಡ್ಕೊಳಿ."

ಮರ ಬಿತ್ತು. ಅದೇ ಜಾಗದಲ್ಲಿ ಬಿಳಿ ಫೈಬರಿನ ಮಳೆಮಾಪಕ ಎದ್ದಿತು. ಮೇಲೊಂದು ಆಲಿಕೆ, ಒಳಗೊಂದು ಸೀಸೆ. ಬೆಳಗ್ಗೆ ಸೀಸೆ ತೆಗೆದು, ಅದರಲ್ಲಿದ್ದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಬರೆಯುವುದು. ರೂಪಶ್ರೀ ಮೊದಲ ದಿನ ಆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಬಾಗಿ ನೋಡಿದಳಲ್ಲ, ಆಗ ಅವಳ ತುಟಿ ಅರಳಿತು. ಬಾಗಿಲ ಸಂದಿಯಿಂದ ಅದನ್ನು ಕಂಡ ಗುರುಮಲ್ಲಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ನುಗ್ಗೆಮರ ಹೋದರೆ ಹೋಗಲಿ!

ಅವತ್ತು ಸಂಜೆ ದೀಪ ಹಚ್ಚಿ ಈಚೆ ಬಂದವಳ ಕಣ್ಣಿಗೆ ಡಬ್ಬ ಬಿತ್ತು. ಬಗ್ಗಿ ನೋಡಿದಳು. ಒಣ ಒಣ. ಅದೂ ಬೇರೆಯವರ ಪಾತ್ರೆ, ನಾಳೆ ಅವರು ವಾಪಸ್ ಕೇಳುವಂಥದ್ದು. ಅವಳು ಏನನ್ನೂ ಯೋಚಿಸಲಿಲ್ಲ. ಯೋಚಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಗೂಡಿನಲ್ಲಿ ಒಂದು ಬೆಳ್ಳಿ ಒಳಲೆ ಇತ್ತು, ಅವಳ ಮಗ, ರೂಪಶ್ರೀಯ ಗಂಡ ಸೋಮೇಶ ಕೂಸಾಗಿದ್ದಾಗ ಹಾಲು ಕುಡಿಸಿದ್ದು. ಅದರ ತುಂಬ ನೀರು ತಂದು ಆಲಿಕೆಗೆ ಹುಯ್ದು, "ಶಿವ ಶಿವಾ" ಎಂದು ಒಳಗೆ ಹೋದಳು. ಅಂದಿನಿಂದ ಅದು ಹಂಡೆಗೆ ನೀರು ತುಂಬಿಸಿದ ಹಾಗೆ, ದೀಪಕ್ಕೆ ಎಣ್ಣೆ ಹಾಕಿದ ಹಾಗೆ, ಕೈಗೆ ರೂಢಿಯಾಗಿ ಹೋಯಿತು. ಸೊಸೆ ಆ ಹೊತ್ತಿಗೆ ಹಿತ್ತಲ ಕಡೆ ಎಮ್ಮೆ ಕರೆಯುತ್ತಿರುತ್ತಿದ್ದಳು. ಸೋಮೇಶ ಹೊಲದಲ್ಲಿರುತ್ತಿದ್ದ. ಕರಿಬಸವಯ್ಯ ಹೋಟೆಲಿನ ಮುಂದೆ ಹರಟೆ ಹೊಡೆಯುತ್ತಿರುತ್ತಿದ್ದ. ಹಗಲು ಮಳೆ ಬಿದ್ದ ದಿನ ಮಾತ್ರ ಅವಳು ಹಾಕುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಏನಾಯಿತೋ ಕೇಳಿ. ಹಂಗಳದ ಲೆಕ್ಕ ನೋಡಿ ದೊಡ್ಡ ಮೇಷ್ಟ್ರು ಕುರ್ಚಿಯಿಂದ ಎದ್ದರಂತೆ. ಸುತ್ತಲ ಊರುಗಳಲ್ಲಿ ಒಂದು ಹನಿ ಇಲ್ಲದ ಸುಡು ಬೇಸಗೆಯಲ್ಲೂ ಹಂಗಳದಲ್ಲಿ ದಿನಾ ಒಂದಿಷ್ಟು ಮಳೆ! ಗೋಪಾಲಸ್ವಾಮಿ ಬೆಟ್ಟದ ಮಂಜು ರಾತ್ರಿ ಇಳಿದು, ಕಾಡಿನ ಉಸಿರಿನ ಜೊತೆ ಸೇರಿ, ಯಾರಿಗೂ ಕೇಳದ ಹಾಗೆ ತುಂತುರಾಗಿ ಸುರಿಯುತ್ತಿದೆ ಎಂದು ಅವರು ನಿಶ್ಚಯಿಸಿದರು. ಅದಕ್ಕೊಂದು ಹೆಸರನ್ನೂ ಇಟ್ಟರು: ಹಂಗಳ ತುಂತುರು.

ಶಿವರಂಜಿನಿ ಆ ಸುದ್ದಿ ಹೊತ್ತು ಓಡೋಡಿ ಬಂದಳು. "ರಾತ್ರಿ ತುಂತುರು ಬೀಳೋದು ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾಗಿದೆಯಾ?" ಎಂದು ಊರಿನವರನ್ನು ಕೇಳಿದಳು. ಊರಿಗೆ ಹೆಸರು ಬರುತ್ತದೆ ಎಂದ ಮೇಲೆ ಯಾರು ತಾನೇ ಗೊತ್ತಿಲ್ಲ ಎನ್ನುತ್ತಾರೆ?

"ಗೊತ್ತಾಗದೆ ಏನು? ನಾನು ಅಂಗಳದಲ್ಲಿ ಒಣಗಾಕೆ ಬುಟ್ಟ ಮೆಣಸಿನಕಾಯಿ ಬೆಳಗೆದ್ದು ನೋಡಿದ್ರೆ ಮೆತ್ತಗಾಗಿರ್ತದ" ಎಂದಳು ಚಿಕ್ಕಮಲ್ಲಮ್ಮ. ಅರಳಿಕಟ್ಟೆಯ ಮುದುಕ ಮರಿಯಯ್ಯ, "ನನ್ ಮಂಡಿ ಏಳ್ತದ ಕಣವ್ವ. ತುಂತ್ರು ಬಿದ್ದ ರಾತ್ರಿ ಎಡಗಾಲು ಜುಮ್ಮಂತದ" ಎಂದ. ಕರಿಬಸವಯ್ಯನಂತೂ ತನ್ನ ಬೋಳುತಲೆಯನ್ನು ಸವರಿಕೊಂಡು, ರಾತ್ರಿ ಜಗಲಿಯಲ್ಲಿ ಮಲಗಿದಾಗ ಹನಿಗಳು ತಲೆಯ ಮೇಲೆ ಟಪ್ ಟಪ್ ಎಂದು ಬೀಳುವುದನ್ನು ಕೈಯಾಡಿಸಿ ತೋರಿಸಿದ. ಶಿವರಂಜಿನಿ ಎಲ್ಲವನ್ನೂ ಬರೆದುಕೊಂಡಳು. ಗುರುಮಲ್ಲಮ್ಮ ಸಂತೆಯಲ್ಲಿ ಈರುಳ್ಳಿ ಸಾಹುಕಾರರಿಗೆಲ್ಲ ಹೇಳಿಕೊಂಡು ಬಂದಳು: "ನಮ್ಮ ಅಂಗಳದ ಮಳೆ ಬೆಂಗ್ಳೂರ್‌ಗಂಟ ಓಗ್ಯದ ಕಣ್ರಪ್ಪ! ನಮ್ ಸೊಸೆ ಬರ್ದಿರೋದು!"

ರೂಪಶ್ರೀ ಆ ದಿನಗಳಲ್ಲಿ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಟ್ಟದ ಪುಸ್ತಕಗಳು ಕೆಳಗಿಳಿದವು. ಅತ್ತೆ ಸೊಸೆ ಒಟ್ಟಿಗೆ ಕೂತು ಅವರೆಕಾಯಿ ಸುಲಿಯುವಾಗ, ಮೋಡ ಹೇಗೆ ಆಗುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಅವಳು ಹೇಳುವಳು, ಗುರುಮಲ್ಲಮ್ಮ ಬಾಯಿ ಬಿಟ್ಟುಕೊಂಡು ಕೇಳುವಳು. "ಅತ್ತೆಮ್ಮ, ಇದೊಂದು ಖಾಯಂ ಆಗ್ಬುಟ್ರೆ ಸಾಕು, ನಂಗೆ ಇನ್ನೇನೂ ಬ್ಯಾಡ" ಎಂದಳು ಒಂದು ದಿನ. ಗುರುಮಲ್ಲಮ್ಮ ಅವಳ ಕೆನ್ನೆ ತಟ್ಟಿ, "ಆಯ್ತದ ಸುಮ್ನಿರು ಕೂಸೇ, ಕೈಯಲ್ಲಿರೋ ಕೆಲ್ಸ ಎಲ್ಗೋಯ್ತದ" ಎಂದಳು.

ದೊಡ್ಡ ಮೇಷ್ಟ್ರು ಬಂದೇಬಿಟ್ಟರು. ದಪ್ಪ ಕನ್ನಡಕ, ಬಿಳಿ ಮೀಸೆ, ಮಾತಿಗೆ ನಿಂತರೆ ಹೊತ್ತು ಹೋಗುವುದೇ ಗೊತ್ತಾಗದ ಮನುಷ್ಯ. ಮಧ್ಯಾಹ್ನವೆಲ್ಲ ಡಬ್ಬದ ಸುತ್ತ ತಿರುಗಿದರು, ಮರಿಯಯ್ಯನ ಮಂಡಿಯನ್ನೂ ಮುಟ್ಟಿ ನೋಡಿದರು. ಸಂಜೆ ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲರಿಗೂ ಚಕ್ಕುಲಿ, ಕಾಫಿ ಆಯಿತು. ಶಿವರಂಜಿನಿ, ರೂಪಶ್ರೀ, ಕರಿಬಸವಯ್ಯ, ಮರಿಯಯ್ಯ, ಚಿಕ್ಕಮಲ್ಲಮ್ಮ ಎಲ್ಲ ಸುತ್ತ ಕೂತರು. ಮೇಷ್ಟ್ರು ಲೋಟ ಎತ್ತಿ ಹಿಡಿದು, "ಇಷ್ಟು ಹೊತ್ತಿನಲ್ಲಿ ಬೆಟ್ಟದ ತಣ್ಣನೆ ಗಾಳಿ ಕೆಳಗಿಳಿಯೋಕೆ ಶುರು ಮಾಡುತ್ತೆ. ಕಾಡು ಉಸಿರು ಬಿಡುತ್ತೆ. ಆಗ..." ಎಂದು ವರ್ಣಿಸತೊಡಗಿದರು.

ಆಗ ಗುರುಮಲ್ಲಮ್ಮ ದೀಪ ಹಚ್ಚಿ ಹೊರಗೆ ಬಂದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಳಲೆ. ಎಲ್ಲರ ನಡುವೆ ಸೀರೆ ಒತ್ತಿ ಹಿಡಿದು ಜಾಗ ಮಾಡಿಕೊಂಡು ಅಂಗಳಕ್ಕಿಳಿದಳು, ಡಬ್ಬದ ಹತ್ತಿರ ಹೋದಳು, ಒಳಲೆ ಬಗ್ಗಿಸಿದಳು. "ಶಿವ ಶಿವಾ" ಎಂದು ತಿರುಗಿದಳು.

ಮೇಷ್ಟ್ರ ಲೋಟ ಗಾಳಿಯಲ್ಲೇ ನಿಂತಿತ್ತು.

"ಯಾಕ್ ಸಾಮಿ, ಕಾಫಿ ಆರೋಯ್ತದ, ಕುಡೀರಿ" ಎಂದಳು ಗುರುಮಲ್ಲಮ್ಮ.

"ಅಮ್ಮ... ಅದೇನು ಹಾಕಿದ್ರಿ?"

"ನೀರು."

"ದಿನಾ ಹಾಕ್ತೀರಾ?"

"ಆಕದೆ? ಮುಸ್ಸಂಜೆ ಒತ್ತಲ್ಲಿ ಪಾತ್ರೆ ಬರಿದಾಗಿದ್ರೆ ಮನೆಗೆ ಒಳ್ಳೇದಾ ಸಾಮಿ? ಅದೂ ನಿಮ್ ಪಾತ್ರೆ."

ರೂಪಶ್ರೀಯ ಕೈಯಿಂದ ಚಕ್ಕುಲಿ ತಟ್ಟೆ ಜಾರಿತು. ಚಕ್ಕುಲಿ ಉರುಳಿಕೊಂಡು ಹೋಗಿ ಡಬ್ಬದ ಬುಡದಲ್ಲಿ ಬಿತ್ತು. ಆ ಸದ್ದಿಗೇ ಗುರುಮಲ್ಲಮ್ಮನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆದದ್ದು. ಸೊಸೆಯ ಮುಖ ನೋಡಿದಳು, ಡಬ್ಬ ನೋಡಿದಳು, ಕೈಯಲ್ಲಿನ ಒಳಲೆ ನೋಡಿದಳು. ಅವರೆಕಾಯಿ ಸುಲಿಯುತ್ತ ಕೇಳಿದ್ದ ಪಾಠವೆಲ್ಲ ಒಟ್ಟಿಗೆ ತಲೆಗೆ ಬಂತು. "ಅಯ್ಯೋ ನನ್ ಸಿವ್ನೇ! ಆ ತುಂತ್ರು ನಾನೇನಾ?" ಎಂದು ಎದೆ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು.

ಮೇಷ್ಟ್ರು ನಿಧಾನವಾಗಿ ಮರಿಯಯ್ಯನ ಕಡೆ ತಿರುಗಿದರು. ಮರಿಯಯ್ಯ ಮಂಡಿಯನ್ನು ಪಂಚೆಯೊಳಗೆ ಎಳೆದುಕೊಂಡ. "ವಾಯು ಇರ್ಬೌದು ಬುಡಿ ಸಾಮಿ" ಎಂದ. ಚಿಕ್ಕಮಲ್ಲಮ್ಮ ತನ್ನ ಮೆಣಸಿನಕಾಯಿ ಮೊದಲೇ ಸರಿಯಾಗಿ ಒಣಗಿರಲಿಲ್ಲ ಎಂದಳು. ಕರಿಬಸವಯ್ಯ ತಲೆಗೆ ಟವೆಲ್ ಸುತ್ತಿಕೊಂಡು ಸೂರನ್ನೇ ನೋಡತೊಡಗಿದ. ಮೇಷ್ಟ್ರ ಮೀಸೆ ಮೊದಲು ಅದುರಿತು. ಆಮೇಲೆ ಹೊಟ್ಟೆ ಅದುರಿತು. ಆಮೇಲೆ ಅವರು ಕಾಫಿಯನ್ನೆಲ್ಲ ಮೈಮೇಲೆ ಚೆಲ್ಲಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ ನಗುವಿಗೆ ಹಿತ್ತಲಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು. "ನಾನು ಒಂದು ವರ್ಷ ತಲೆ ಕೆಡಿಸ್ಕೊಂಡೆನಲ್ಲಪ್ಪಾ!" ಎಂದು ಮತ್ತೆ ನಕ್ಕರು.

ನಗು ಮುಗಿದ ಮೇಲೆ ರೂಪಶ್ರೀ ಅಳು ನುಂಗಿಕೊಂಡು ಗಾಜಿನ ಲೋಟ ತಂದಳು. ಒಳಲೆ ತುಂಬ ನೀರು ಹಿಡಿದು ಅದಕ್ಕೆ ಸುರಿದಳು. ಗೆರೆಯ ಮೇಲೆ ನಿಂತ ನೀರು ಸರಿಯಾಗಿ ಹಂಗಳ ತುಂತುರಿನಷ್ಟೇ.

"ಮಳೆ ಬಂದ ದಿನ ಏನು ಮಾಡ್ತಿದ್ರಿ ಅಮ್ಮ?" ಎಂದರು ಮೇಷ್ಟ್ರು.

"ದೇವ್ರೇ ಆಕಿದ್ ಮ್ಯಾಲೆ ನಾನ್ಯಾಕ ಆಕ್ಲಿ ಸಾಮಿ?"

"ಹಾಗಾದ್ರೆ ಹಳೇ ಲೆಕ್ಕಕ್ಕೆ ದಾರಿ ಇದೆ. ಹಗಲು ಒಣಗಿದ್ದ ದಿನಗಳಲ್ಲೆಲ್ಲ ಒಂದು ಒಳಲೆ ಕಳೆದ್ರೆ ಆಯ್ತು. ಆದರೆ ಮುಂದಿನದು?" ಅವರು ಗುರುಮಲ್ಲಮ್ಮನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಇನ್ನು ಮೇಲೆ ಹಾಕಲ್ಲ ಅಂತ ಒಂದು ಮಾತು ಕೊಡಿ. ಡಬ್ಬ ಇಲ್ಲೇ ಇರುತ್ತೆ. ಖಾಯಂ."

ರೂಪಶ್ರೀಯ ಕಣ್ಣು ಹೊಳೆಯಿತು. ಕರಿಬಸವಯ್ಯ "ಕೊಡು ಕೊಡು" ಎಂದು ಸನ್ನೆ ಮಾಡಿದ. ಗುರುಮಲ್ಲಮ್ಮ ತನ್ನ ಕೈಯನ್ನೇ ನೋಡಿಕೊಂಡಳು.

"ಆಗಾಕಿಲ್ಲ ಸಾಮಿ" ಎಂದಳು, ಎರಡು ಕಣ್ಣಲ್ಲೂ ನೀರು. "ಈಗ ಆಕಾಕಿಲ್ಲ ಅಂತೀನಿ. ನಾಳೆ ದೀಪ ಹಚ್ಚಿ ಈಚೆ ಬತ್ತೀನಿ, ಕೈ ತಾನಾಗೇ ಓಯ್ತದ. ಕೊರಳಲ್ಲಿ ಲಿಂಗ ಕಟ್ಕೊಂಡು ಸುಳ್ಳು ಏಳ್ಳಾ? ನನ್ನಿಂದ ಈ ಕೂಸಿನ ಲೆಕ್ಕ ಕೆಡೋದ್ ಬ್ಯಾಡ. ತಕ್ಕೊಂಡೋಗಿ, ಚಿಕ್ಕಮಲ್ಲಮ್ಮನ ಅಂಗಳಕ್ಕೇ ಆಕಿ. ಆದ್ರ ಅಳೆಯೋಳು ಇವ್ಳೇ ಆಗಿರ್ಲಿ. ಆ ಗಾಜಿನ ಲೋಟವ ಬ್ಯಾರೆಯವ್ರ ಕೈಗೆ ಕೊಡ್ಬ್ಯಾಡಿ ಸಾಮಿ, ನಿಮ್ ಕಾಲ್ ಇಡ್ಕೋತೀನಿ."

ಈಗ ಚಿಕ್ಕಮಲ್ಲಮ್ಮನೂ ಮೂಗು ಸೀಟಿದಳು. "ನಾನೂ ಆಕ್ತೀನಿ ಕಣಕ್ಕ" ಎಂದಳು. "ಬರಿದಾಗಿರೋ ಪಾತ್ರೆಯ ನೋಡ್ಕೊಂಡು ನಂಗೂ ಇರಾಕಾಗಲ್ಲ." ಊರಿನ ಯಾವ ಅಂಗಳಕ್ಕೆ ಒಯ್ದರೂ ಇದೇ ಕತೆ ಎಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ಅವರು ತಲೆ ಮೇಲೆ ಕೈ ಹೊತ್ತು ಕೂತರು.

ಶಿವರಂಜಿನಿ ಮಾತ್ರ ಒಮ್ಮೆಗೇ ಎದ್ದು ನಿಂತಳು. "ಸಾರ್, ಜೀಪಲ್ಲಿ!" ಎಂದು ಕಿರುಚಿ, ಎರಡು ಜಡೆ ಹಾರಿಸಿಕೊಂಡು ಓಡಿದಳು. ಹೋದವಳು ಡ್ರೈವರನ್ನು ಕರೆದುಕೊಂಡು ಕೊಪ್ಪರಿಗೆಯಂಥ ಒಂದು ಅಗಲ ಪಾತ್ರೆಯನ್ನು ಹೊತ್ತು ತಂದು ಅಂಗಳದಲ್ಲಿ ಇಳಿಸಿದಳು. ಚಾಮರಾಜನಗರದ ಹತ್ತಿರ ಎಲ್ಲೋ ಇಡಲು ತಂದದ್ದು. ಮೇಲೆ ಮುಚ್ಚಲು ತಂತಿಬಲೆ, ಒಳಗೆ ನಿಂತ ಒಂದು ಮುಳ್ಳು.

"ಎಮ್ಮೆಗಾ?" ಎಂದ ಕರಿಬಸವಯ್ಯ.

"ಆಕಾಶಕ್ಕೆ!" ಎಂದಳು ಶಿವರಂಜಿನಿ ಏದುಸಿರು ಬಿಡುತ್ತ. "ಅಮ್ಮ, ನಿಮ್ಮ ಡಬ್ಬ ಆಕಾಶ ಎಷ್ಟು ನೀರು ಕೊಡ್ತು ಅಂತ ಅಳೆಯುತ್ತೆ. ಈ ಪಾತ್ರೆ, ಆಕಾಶ ಎಷ್ಟು ನೀರು ಕುಡೀತು ಅಂತ ಅಳೆಯೋಕೆ. ಬಿಸಿಲಿಗೆ ನೀರು ಆರುತ್ತಲ್ಲ, ಎಷ್ಟು ಆರಿತೋ ಅಷ್ಟನ್ನ ಅಳೆದು ಮತ್ತೆ ಈ ಮುಳ್ಳಿನ ತುದಿವರೆಗೆ ತುಂಬಿಸಬೇಕು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಇದು ಒಂದು ದಿನವೂ ಬರಿದಾಗಬಾರದು!"

ಗುರುಮಲ್ಲಮ್ಮ ಕಣ್ಣೊರೆಸಿಕೊಂಡಳು. "ಬರಿದಾಗ್ಬಾರ್ದಾ?"

"ಬರಿದಾದ್ರೆ ಕೆಲಸವೇ ಕೆಟ್ಟಂತೆ."

"ದಿನಾ ಸಂಜೆ ತುಂಬುಸ್ಬೇಕಾ?"

"ತುಂಬಿಸಲೇಬೇಕು. ತಪ್ಪಿಸೋ ಹಾಗೇ ಇಲ್ಲ."

ಗುರುಮಲ್ಲಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. ಪಾತ್ರೆಯ ಸುತ್ತ ಒಂದು ಸುತ್ತು ಬಂದು, ಅಂಚನ್ನು ಸವರಿ, ಬಿಳಿ ಡಬ್ಬದ ಕಡೆ ನೋಡಿದಳು. "ಪಕ್ಕದಲ್ಲಿ ಇಷ್ಟ್ ದೊಡ್ಡದು ತುಂಬಿ ಕೂತಿದ್ರೆ, ಅದೊಂದ್ ಬರಿದಾಗಿದ್ರೂ ಮನೆಗೇನೂ ಕೇಡಿಲ್ಲ ಬುಡಿ. ಇನ್ ಅದ್ರ ತಂಟೆಗೆ ನನ್ ಕೈ ಓಗಾಕಿಲ್ಲ. ಈಗ ಏಳ್ತೀನಿ ಸಾಮಿ, ತಕ್ಕೊಳಿ ಮಾತು!" ಎಂದು ಮೇಷ್ಟ್ರ ಅಂಗೈ ಮೇಲೆ ಪಟ್ಟೆಂದು ಕೈ ಹೊಡೆದಳು. ರೂಪಶ್ರೀ ಅತ್ತೆಯನ್ನು ಹಿಂದಿನಿಂದ ಬಾಚಿ ತಬ್ಬಿಕೊಂಡಳು. ಇಬ್ಬರೂ ನಗುತ್ತ ಅಳುತ್ತ ಒಬ್ಬರ ಮೇಲೊಬ್ಬರು ಬೀಳುವ ಹಾಗಾದರು. ಅವರನ್ನು ಹಿಡಿಯಲು ಹೋದ ಕರಿಬಸವಯ್ಯ ತಾನೇ ಕೊಪ್ಪರಿಗೆಯೊಳಗೆ ಕೂತ.

ಮೇಷ್ಟ್ರು ಹೊರಡುವಾಗ ಒಳಲೆಯನ್ನು ಬೆಂಗಳೂರಿಗೆ ಒಯ್ದು ನೆನಪಿಗೆ ಇಟ್ಟುಕೊಳ್ಳಲೇ ಎಂದು ಕೇಳಿದರು. "ಅದೊಂದ್ ಬುಟ್ಟು ಇನ್ನೇನಾರ ಕೇಳಿ ಸಾಮಿ. ಮೊಮ್ಮಗ ಬಂದಾಗ ಬೇಕು" ಎಂದು ಗುರುಮಲ್ಲಮ್ಮ ಸೊಸೆಯ ಕಡೆ ಕಣ್ಣು ಮಿಟುಕಿಸಿದಳು. ರೂಪಶ್ರೀ ನಾಚಿ ಒಳಗೆ ಓಡಿದಳು.

ಆ ಬೇಸಗೆ ಆಕಾಶ ಕುಡಿದ ನೀರು ಅಷ್ಟಿಷ್ಟಲ್ಲ. ಬೆಳಗ್ಗೆ ರೂಪಶ್ರೀ, ಸಂಜೆ ಗುರುಮಲ್ಲಮ್ಮ. ಸೊಸೆ ಕಲಿಸಿದ ಹಾಗೆ ಅಳತೆಯ ಜಗ್ಗಿನಿಂದ ಹುಯ್ಯುತ್ತ ಅವಳು ಮೇಲೆ ನೋಡಿ ಬಯ್ಯುತ್ತಿದ್ದಳು: "ಕುಡಿ, ಕುಡಿ! ಗುಂಡ್ಲುಪೇಟೆ ಲಾರಿ ಡ್ರೈವರ್‌ಗಳೂ ಇಂಗೆ ಕುಡಿಯಾಕಿಲ್ಲ. ನಮ್ ಬಾವಿ ನೀರೆಲ್ಲ ನಿಂಗೇ ಆಯ್ತು!" ಹೊಲಕ್ಕೆ ಹೋಗುವವರು ನಿಂತು, "ಎಷ್ಟು ಕುಡೀತಕ್ಕ ಇವತ್ತು?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಬಿಳಿ ಡಬ್ಬ ಪಕ್ಕದಲ್ಲಿ ಒಣಗಿ ನಿಂತಿತ್ತು. ಅವಳ ಕೈ ಒಂದು ದಿನವೂ ಅತ್ತ ಹೋಗಲಿಲ್ಲ. ರೂಪಶ್ರೀ ಪ್ರತಿ ಬೆಳಗ್ಗೆ ಸೊನ್ನೆ ಬರೆದಳು, ಬರೆದು ಅತ್ತೆಗೆ ತೋರಿಸಿ ನಕ್ಕಳು.

ಭರಣಿ ಮಳೆ ಬಂದದ್ದು ಒಂದು ಮಧ್ಯಾಹ್ನ, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ, ಹೇಳದೆ ಕೇಳದೆ. ಅಂಗಳ ಕೆರೆಯಾಯಿತು. ಮಳೆ ನಿಂತದ್ದೇ ಗುರುಮಲ್ಲಮ್ಮ ಸೀರೆ ಎತ್ತಿ ಹಿಡಿದು ಕೆಸರಲ್ಲಿ ಓಡಿ ಬಂದು ನೋಡಿದಳು. ಕೊಪ್ಪರಿಗೆಯಲ್ಲಿ ಮುಳ್ಳೇ ಮುಳುಗಿತ್ತು. ರೂಪಶ್ರೀ ಬಿಳಿ ಡಬ್ಬ ಬಿಚ್ಚಿ ಸೀಸೆ ಎತ್ತಿದಳು. ಕುತ್ತಿಗೆಯವರೆಗೂ ನೀರು.

ಎದುರುಮನೆಗೆ ಮಾತ್ರವಲ್ಲ, ಹಂಗಳಕ್ಕೆಲ್ಲ ಕೇಳುವ ಹಾಗೆ ಗುರುಮಲ್ಲಮ್ಮ ಕೂಗಿದಳು:

"ಚಿಕ್ಕಮಲ್ಲೀ, ಬಾ ಇಲ್ಲಿ ನೋಡು! ಬೇಸ್ಗೆಯೆಲ್ಲ ನಮ್ ನೀರು ಕುಡ್ದ ಆಕಾಸ ಪಾತ್ರೆಯ ಖಾಲಿ ವಾಪಸ್ ಕೊಟ್ಟಿಲ್ಲ ಕಣಮ್ಮಿ!"